ಹಗ್ಗ ಗಟ್ಟಿಯಿದೆ ಸರಿ, ಕಟ್ಟುವುದು ಎಲ್ಲಿಗೆ?

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಜಾಸ್ತಿ ಪಾಲು ಕೆಸರಿನದ್ದೇ. ಗಾಡಿ ಹೂತುಹೋಯಿತು, ಎಳೆಸಿದೆವು, ಏನೋ ಮುರಿಯಿತು. ಈ ಸಲ ಆರು ಜನ ಸುತ್ತಿ ಬಳಸಿ ಕೇಳಿದ್ದು ಒಂದೇ ವಿಷಯ, ಹೂತ ಗಾಡಿ ಎಳೆಯಲು ಹಗ್ಗ ಎಲ್ಲಿಗೆ ಕಟ್ಟಬೇಕು ಅಂತ. ಹಾಗಾಗಿ ಮೈಲೇಜು, ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಹಿಡಿದಿದ್ದೇನೆ.

ಪ್ರಶ್ನೆ: ಸರ್, ಆರು ತಿಂಗಳ ಹಿಂದೆ ಥಾರ್ ತಗೊಂಡೆ. ಸಕಲೇಶಪುರದ ಕಡೆ ಗೆಳೆಯರ ತೋಟದ ರಸ್ತೆಗಳಲ್ಲಿ ಓಡಿಸುತ್ತೇನೆ. 8 ಟನ್ ತಡೆಯುವ ಸ್ನ್ಯಾಚ್ ಬೆಲ್ಟ್ (ಹೂತ ಗಾಡಿ ಎಳೆಯುವ, ಹಿಗ್ಗುವ ಬೆಲ್ಟ್), ಅದನ್ನು ಸಿಕ್ಕಿಸಲು ಎರಡು ಶ್ಯಾಕಲ್ (ಪಿನ್ ಇರುವ ಕಬ್ಬಿಣದ ಕೊಂಡಿ) ಕೊಂಡಿದ್ದೇನೆ. ಆದರೆ ಗಾಡಿಯಲ್ಲಿ ಎಲ್ಲಿಗೆ ಸಿಕ್ಕಿಸಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಒಬ್ಬರು ಮುಂದಿನ ಗಾರ್ಡ್‌ಗೆ ಅಂತಾರೆ, ಇನ್ನೊಬ್ಬರು ಹಿಂದಿನ ಟೋ ಬಾಲ್‌ಗೆ ಅಂತಾರೆ. ಯಾವುದು ಸರಿ?
– ಹಾಸನದ ಓದುಗರು

ಎರಡೂ ಬೇಡ. ಟೋ ಬಾಲ್ ಅಂತೂ ಖಂಡಿತ ಬೇಡ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಆ ಗುಂಡು ಇರುವುದು ಟ್ರೈಲರ್ ಎಳೆಯಲು. ಟ್ರೈಲರ್ ತನ್ನ ಚಕ್ರದ ಮೇಲೆ ತಾನು ಉರುಳಿಕೊಂಡು ಬರುತ್ತದೆ, ಗುಂಡಿನ ಮೇಲೆ ಬೀಳುವ ಎಳೆತ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಹೂತ ಗಾಡಿಗೆ ಸ್ನ್ಯಾಚ್ ಬೆಲ್ಟ್ ಹಾಕಿ ಎಳೆದಾಗ ಬೀಳುವುದು ಎಳೆತವಲ್ಲ, ಏಟು. ಆ ಏಟಿಗೆ ಗುಂಡಿನ ಕತ್ತು ಮುರಿಯಬಹುದು. ಮುರಿದರೆ ಗುಂಡು ಅಲ್ಲೇ ಕೆಳಗೆ ಬೀಳುವುದಿಲ್ಲ, ಹಿಗ್ಗಿ ನಿಂತ ಬೆಲ್ಟ್ ಅದನ್ನು ಕವಣೆಯಲ್ಲಿಟ್ಟ ಕಲ್ಲಿನ ಹಾಗೆ ಬೀಸುತ್ತದೆ, ನೇರ ಎದುರಿನ ಗಾಡಿಯ ಗಾಜಿಗೆ. ಆಸ್ಟ್ರೇಲಿಯಾದಲ್ಲಿ ಹೀಗೆ ಜನ ಸತ್ತಿದ್ದಾರೆ, ಅದೂ ಒಂದೇ ಸಲ ಅಲ್ಲ.

ಎಷ್ಟು ಜೋರಿನ ಏಟು ಅಂತ ಒಂದು ಲೆಕ್ಕ ಹಾಕೋಣ. ಗಾಡಿ, ಜನ, ಸಾಮಾನು ಎಲ್ಲ ಸೇರಿ 2 ಟನ್ ಅಂದುಕೊಳ್ಳಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಿ ಬೆಲ್ಟ್ ಬಿಗಿ ಮಾಡುತ್ತೀರಿ. ಸೈಕಲ್ಲನ್ನು ಆರಾಮಾಗಿ ತುಳಿಯುವ ವೇಗ, ಅಷ್ಟೇ. ಅಷ್ಟಕ್ಕೇ ಬೆಲ್ಟಿನೊಳಗೆ ಸೇರಬಹುದಾದ ಶಕ್ತಿ 50 ಕೆ.ಜಿ.ಯ ಸಿಮೆಂಟ್ ಮೂಟೆ ಐದನೇ ಮಹಡಿಯಿಂದ ಬಿದ್ದಷ್ಟು. ಬೆಲ್ಟ್ ಅದನ್ನು ತಡೆಯುತ್ತದೆ, ಅದನ್ನು ಮಾಡಿರುವುದೇ ಅದಕ್ಕೆ. ನೈಲಾನ್ ಬೆಲ್ಟ್ ಸುಮಾರು ಶೇ. 20ರಷ್ಟು ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತಾ ಗಾಡಿಯನ್ನು ಎಬ್ಬಿಸುತ್ತದೆ. ತಡೆಯದೆ ಹೋಗುವುದು ಬೆಲ್ಟಿನ ತುದಿ ಕೂತಿರುವ ಜಾಗ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷದ ಹಿಂದೆ, ಜುಲೈ ತಿಂಗಳು, ಮೂಡಿಗೆರೆ ಹತ್ತಿರದ ಒಂದು ತೋಟ. ಜೊತೆಗೆ ಬಂದಿದ್ದ ಜಿಪ್ಸಿ ಕಣಿವೆ ತಿರುವಿನಲ್ಲಿ ಚಕ್ರದ ನಡುವಿನ ಗುಂಬದವರೆಗೆ ಹೂತಿತ್ತು. ಮುಂದಿನ ಬಂಪರ್‌ಗೆ ಕೆಂಪು ಬಣ್ಣ ಬಳಿದ ಚೆಂದದ ಹುಕ್ಕು ಇತ್ತು, ಯಾವುದೋ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿದ್ದು. ನನ್ನ ಜೀಪಿನಿಂದ ಎಳೆಯುತ್ತಿದ್ದೆ. ಎರಡು ಸಲ ಅಲ್ಲಾಡಿತು, ಬರಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿದ್ದ ಹುಡುಗ ಚಕ್ರಕ್ಕೆ ಕಲ್ಲು ಕೊಡುತ್ತೇನೆ ಅಂತ ಇಳಿದು ಹೋದ. ಮೂರನೇ ಎಳೆತಕ್ಕೆ ಠಣ್ ಅಂತ ಒಂದು ಶಬ್ದ. ನನ್ನ ಹಿಂದಿನ ಗಾಜು ಪುಡಿ, ಪಕ್ಕದ ಸೀಟಿನ ತಲೆದಿಂಬು ಹರಿದು ಸ್ಪಂಜು ಹೊರಗೆ, ಹುಕ್ಕು ಡ್ಯಾಶ್‌ಬೋರ್ಡಿನ ಕೆಳಗೆ ಬಿದ್ದಿತ್ತು. ಆ ಹುಡುಗ ಇಳಿದು ಐದು ನಿಮಿಷವೂ ಆಗಿರಲಿಲ್ಲ. ಹುಕ್ಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಸುತ್ತ ಉಬ್ಬಿಕೊಂಡಿದ್ದ ವೆಲ್ಡಿಂಗ್ ಬರೀ ಮೇಲ್ಮೈಗೆ ಅಂಟಿತ್ತು, ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬೆರೆತಿದ್ದು ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ. ಉಳಿದದ್ದೆಲ್ಲ ಹಳೇ ತುಕ್ಕು. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೂ ಗೊತ್ತಾಗಲಿಲ್ಲ.

ಇನ್ನು ಗಾರ್ಡ್. ಅದು ಬಂಪರ್ ಬ್ರಾಕೆಟ್ಟಿಗೋ ತೆಳು ತಗಡಿಗೋ ನಾಲ್ಕು ಬೋಲ್ಟಿನಲ್ಲಿ ಕೂತಿರುತ್ತದೆ, ಎಳೆದರೆ ಗಾರ್ಡ್ ಬರುತ್ತದೆ, ಗಾಡಿ ಬರುವುದಿಲ್ಲ. ಅದಲ್ಲದೆ ಅಂಥ ಗಾರ್ಡ್ ಹಾಕಿಸಿದವರ ಮೇಲೆ ಕ್ರಮ ತಗೊಳ್ಳಿ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದಿದೆ. ಬಿಚ್ಚಿಸಿಬಿಡಿ.

ಹಾಗಾದರೆ ಎಲ್ಲಿಗೆ ಕಟ್ಟಬೇಕು? ಒಂದು ಭಾನುವಾರ ಬೆಳಗ್ಗೆ, ಗಾಡಿ ಒಣಗಿರುವಾಗ, ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗಿ. ಟಾರ್ಚ್ ಇರಲಿ. ಮೊದಲು ಕೈಪಿಡಿಯಲ್ಲಿ ಕಂಪನಿಯವರು ಎಳೆಯಲು ಯಾವ ಜಾಗ ತೋರಿಸಿದ್ದಾರೆ ಅಂತ ನೋಡಿ, ಆಮೇಲೆ ಆ ಹುಕ್ಕಿನ ಬೇರು ಎಲ್ಲಿದೆ ಅಂತ ಬೆರಳಿಟ್ಟು ಹಿಂಬಾಲಿಸಿ. ನಿಮ್ಮ ಗಾಡಿಗೆ ಚಾಸಿ ಇದೆ, ಉದ್ದಕ್ಕೂ ಹೋಗುವ ಎರಡು ದಪ್ಪ ಉಕ್ಕಿನ ತೊಲೆ. ಬೇರು ಅದರ ಮೈಗೇ ಹೋಗಬೇಕು. ಬಂಪರ್ ಹತ್ತಿರ ಎಲ್ಲೋ ನಿಂತುಬಿಟ್ಟರೆ ಅದನ್ನು ಮರೆತುಬಿಡಿ.

ಚಾಸಿಗೇ ಹೋಗಿದೆ ಅಂತಾದರೆ ಬೋಲ್ಟಿನ ತಲೆ ಒರೆಸಿ ನೋಡಿ. 8.8 ಅಂತಲೋ 10.9 ಅಂತಲೋ ಅಚ್ಚು ಇರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಏನೂ ಗುರುತಿಲ್ಲದ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಸಾಮಾನ್ಯವಾಗಿ 8.8ರ ಅರ್ಧದಷ್ಟೇ ತಡೆಯುತ್ತದೆ, ಗಾತ್ರ ಒಂದೇ ಇದ್ದರೂ. ಒಂದು ಪಾಯಿಂಟಿಗೆ ಒಂದೇ ಬೋಲ್ಟ್ ಇದ್ದರೆ ನನಗೆ ಸಮಾಧಾನ ಇರುವುದಿಲ್ಲ, ಎರಡಾದರೂ ಬೇಕು. ರಂಧ್ರ ದುಂಡಗಿದೆಯಾ, ಎಳೆದು ಎಳೆದು ಮೊಟ್ಟೆ ಆಕಾರಕ್ಕೆ ಬಂದಿದೆಯಾ, ಬಣ್ಣದಲ್ಲಿ ಕೂದಲೆಳೆ ಬಿರುಕಿದೆಯಾ ಅಂತ ಉಗುರು ಹಾಯಿಸಿ. ಹೊರಗಿನಿಂದ ಕೊಳ್ಳುವುದಾದರೆ ನಿಮ್ಮ ಮಾದರಿಗೇ ಅಂತ ಮಾಡಿದ್ದು, ಎಷ್ಟು ಟನ್ ಅಂತ ಮೈಮೇಲೆ ಅಚ್ಚೊತ್ತಿದ್ದು, ಚಾಸಿಯಲ್ಲಿ ಮೊದಲೇ ಇರುವ ರಂಧ್ರಗಳಿಗೆ ಕೂರುವಂಥದ್ದು ತಗೊಳ್ಳಿ. ದುಡ್ಡು ಜಾಸ್ತಿ ಆಗುತ್ತದೆ, ನಿಜ. ಮೇಲಿನ ಲೈಟ್ ಬಾರ್ ಮುಂದಿನ ವರ್ಷ ಹಾಕಿಸಿ, ಇದನ್ನು ಈ ವರ್ಷ ಹಾಕಿಸಿ.

ಹಿಂದೆ ನಿಮಗೆ ಚೌಕದ ಹಿಚ್ ರಿಸೀವರ್ (ಟೋ ಬಾಲ್ ಕೂರಿಸುವ ಕೊಳವೆ) ಇದ್ದು, ಅದು ಚಾಸಿಗೇ ಬೋಲ್ಟ್ ಆಗಿದ್ದರೆ, ಅದರೊಳಗಿನ ಗುಂಡಿನ ಭಾಗ ಹೊರಗೆ ತೆಗೆದು ಗಟ್ಟಿ ಉಕ್ಕಿನ ರಿಕವರಿ ಬ್ಲಾಕ್ ಹಾಕಿ ಶ್ಯಾಕಲ್ ಸಿಕ್ಕಿಸಬಹುದು. ಒಳ್ಳೆಯ ಜಾಗ ಅದು. ಬ್ಲಾಕ್ ಇಲ್ಲದಾಗ ಬೆಲ್ಟಿನ ಕುಣಿಕೆಯನ್ನೇ ಒಳಗೆ ತೂರಿಸಿ ಪಿನ್ ಹಾಕುವವರಿದ್ದಾರೆ. ತುರ್ತಿಗೆ ಆಗುತ್ತದೆ, ಆದರೆ ಪಿನ್ ಬಾಗಿ ಒಳಗೇ ಕೂತರೆ ತೆಗೆಯಲು ಗ್ಯಾಸ್ ಕಟರ್ ಬೇಕಾದೀತು.

ಬೆಲ್ಟ್ ಬಗ್ಗೆ ಒಂದು ಮಾತು. ನೀವು ತಗೊಂಡ 8 ಟನ್‌ನದ್ದು ಸರಿಯಾಗಿಯೇ ಇದೆ. ಎರಡು ಗಾಡಿಗಳಲ್ಲಿ ಹಗುರವಾದದ್ದರ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇದ್ದರೆ ಸಾಕು. ಇನ್ನೂ ದಪ್ಪದ್ದು ತಗೊಂಡರೆ ಅದು ಹಿಗ್ಗುವುದೇ ಇಲ್ಲ, ಏಟೆಲ್ಲ ಹುಕ್ಕಿಗೇ ಬೀಳುತ್ತದೆ.

ಪ್ರಶ್ನೆ: ನನ್ನ ಶ್ಯಾಕಲ್ ಮೇಲೆ 4.75 ಟನ್ ಅಂತಿದೆ, ಗೆಳೆಯನ ಬೆಲ್ಟ್ ಮೇಲೆ 9 ಟನ್. ಶ್ಯಾಕಲ್ ಕಮ್ಮಿ ಆಯಿತಲ್ವಾ? ಪಿನ್ ಎಷ್ಟು ಬಿಗಿಯಬೇಕು?
– ಶಿವಮೊಗ್ಗದ ಓದುಗರು

ಕಮ್ಮಿ ಆಗಿಲ್ಲ. ಬೆಲ್ಟಿನ ಮೇಲೆ ಬರೆಯುವುದು ಅದು ಹರಿಯುವ ಬಲ. ಶ್ಯಾಕಲ್ ಮೇಲಿರುವುದು ದಿನಾ ಎತ್ತಬಹುದಾದ ಭಾರ, ಮುರಿಯುವುದು ಅದರ ಎಷ್ಟೋ ಪಟ್ಟಿಗೆ. ಒಳ್ಳೆಯ ತಯಾರಿಕೆಯಲ್ಲಿ ಆರು ಪಟ್ಟು. ಎರಡು ಸಂಖ್ಯೆಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. 4.75 ಟನ್‌ನದ್ದು 19 ಮಿ.ಮೀ. ದಪ್ಪ ಇರುತ್ತದೆ, 3.25 ಟನ್‌ನದ್ದು 16 ಮಿ.ಮೀ. ನಮ್ಮ ಜೀಪು, ಜಿಮ್ನಿ, ಬೊಲೆರೊ ಮಟ್ಟದ ಗಾಡಿಗೆ ಎರಡೂ ನಡೆಯುತ್ತದೆ. ಭಾರದ ಅಚ್ಚೇ ಇಲ್ಲದ ಶ್ಯಾಕಲ್ ಎಷ್ಟೇ ದಪ್ಪ ಇದ್ದರೂ ಬೇಡ. ಪಿನ್ನನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಸ್ಪ್ಯಾನರ್ ಹಾಕಿ ಬಿಗಿದರೆ ಎಳೆದಾದ ಮೇಲೆ ಬಿಚ್ಚಲು ಬರುವುದಿಲ್ಲ.

ಆಗುವುದಾದರೆ ಹಗ್ಗದಲ್ಲೇ ಹೆಣೆದ ಸಾಫ್ಟ್ ಶ್ಯಾಕಲ್ ತಗೊಳ್ಳಿ. ಅಂಗೈಯಲ್ಲಿ ಹಿಡಿದರೆ ಹಗುರ, ಹಾರಿದರೂ ಕಬ್ಬಿಣದ ತುಂಡು ಹಾರಿದ ಹಾಗಲ್ಲ. ಆದರೆ ಹುಕ್ಕಿನ ಅಂಚು ಚೂಪಾಗಿದ್ದರೆ ಅದನ್ನು ಕೊಯ್ದುಬಿಡುತ್ತದೆ, ಅರ ಹಾಕಿ ಅಂಚನ್ನು ದುಂಡಗೆ ಮಾಡಿಸಿ. ಇನ್ನೊಂದು, ಎರಡು ಬೆಲ್ಟ್ ಜೋಡಿಸಲು ನಡುವೆ ಕಬ್ಬಿಣದ ಶ್ಯಾಕಲ್ ಹಾಕಲೇಬೇಡಿ. ಒಂದರ ಕುಣಿಕೆಯನ್ನು ಇನ್ನೊಂದರೊಳಗೆ ತೂರಿಸಿ, ಗಂಟು ಕಚ್ಚಿಕೊಳ್ಳದ ಹಾಗೆ ನಡುವೆ ಹಳೇ ಪತ್ರಿಕೆಯ ಸುರುಳಿ ಇಡಿ. ಈ ಪತ್ರಿಕೆಯನ್ನೇ ಇಟ್ಟರೂ ನಮಗೇನು ಬೇಜಾರಿಲ್ಲ.

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಓಡುವ ಎಸ್‌ಯುವಿ, ಫೋರ್ ವೀಲ್ ಡ್ರೈವ್ ಇಲ್ಲ. ಜಾಕ್ ಜೊತೆ ಬಂದ ತಿರುಪಿನ ಕೊಂಡಿ ಇದೆ. ಹೋಮ್‌ಸ್ಟೇ ರಸ್ತೆಯಲ್ಲಿ ಸಿಕ್ಕಿಕೊಂಡರೆ ಅದು ಸಾಕಾ?
– ಬೆಂಗಳೂರಿನ ಓದುಗರು

ಆ ಕೊಂಡಿ ಕೆಟ್ಟು ನಿಂತ ಗಾಡಿಯನ್ನು ಟಾರು ರಸ್ತೆಯಲ್ಲಿ ಮೆಲ್ಲಗೆ ಎಳೆದುಕೊಂಡು ಹೋಗಲು, ಇಲ್ಲ ಲಾರಿ ಮೇಲೆ ಹತ್ತಿಸಲು. ಉದ್ದನೆಯ ತಿರುಪಿನ ತುದಿಗೆ ಒಂದು ಉಂಗುರ, ಅಷ್ಟೇ. ನೇರ ಎಳೆದರೆ ಪರವಾಗಿಲ್ಲ, ಸ್ವಲ್ಪ ಪಕ್ಕಕ್ಕೆ ಎಳೆದರೂ ಮೊಳೆಯ ಹಾಗೆ ಬಾಗುತ್ತದೆ. ಜೊತೆಗೆ ನಿಮ್ಮಂಥ ಗಾಡಿಗಳಿಗೆ ಸಾಮಾನ್ಯವಾಗಿ ಬೇರೆ ಚಾಸಿ ಇರುವುದಿಲ್ಲ, ಬಾಡಿಯೇ ಚಾಸಿ. ಹಾಗಾಗಿ ಸ್ನ್ಯಾಚ್ ಬೆಲ್ಟ್ ಮಾತೇ ಬೇಡ. ಮೊದಲು ಅಗೆಯಿರಿ, ಗಾಳಿ ಇಳಿಸಿ, ಚಕ್ರದಡಿ ಕಲ್ಲು, ಸೊಪ್ಪು ಕೊಡಿ, ನಾಲ್ಕು ಜನ ತಳ್ಳಿ. ಆಮೇಲೂ ಬರದಿದ್ದರೆ ಕೊಂಡಿಯನ್ನು ಪೂರ್ತಿ ಒಳಗೆ ತಿರುಗಿಸಿ (ಕೆಲವು ಗಾಡಿಗಳಲ್ಲಿ ಎಡಕ್ಕೆ ತಿರುಗಿಸಬೇಕು), ವೀಲ್ ಸ್ಪ್ಯಾನರ್ ತೂರಿಸಿ ಬಿಗಿ ಮಾಡಿ, ಹಗ್ಗ ಮೊದಲೇ ಬಿಗಿಯಾಗಿ ನಿಂತ ಮೇಲೆ ಒಂದೇ ಸಮ ಮೆಲ್ಲಗೆ ಎಳೆಸಿ. ಓಡಿ ಬಂದು ಎಳೆಯುವುದು ಬೇಡ.

ಪ್ರಶ್ನೆ: ಸ್ವಾಮಿ, ಇಷ್ಟೆಲ್ಲ ಬೆಲ್ಟು ಗಿಲ್ಟು ಯಾಕೆ? ನಮ್ಮಲ್ಲಿ ಗಾಡಿ ಹೂತರೆ ಪಕ್ಕದ ಮನೆ ಟ್ರ್ಯಾಕ್ಟರ್ ತಂದು ಚೈನು ಕಟ್ಟಿ ಎಳೆಸುತ್ತೇವೆ. ಆಕ್ಸಲ್‌ಗೆ ಸುತ್ತಿದರಾಯಿತು.
– ತೀರ್ಥಹಳ್ಳಿ ಕಡೆಯ ಓದುಗರು

ಟ್ರ್ಯಾಕ್ಟರ್ ಒಳ್ಳೆಯದೇ. ನಿಧಾನವಾಗಿ ಒಂದೇ ಸಮ ಎಳೆಯುತ್ತದೆ, ಅದಕ್ಕಿಂತ ಬೇಕಾದ್ದೇನಿಲ್ಲ. ಆದರೆ ಎರಡು ಕಡೆ ತಪ್ಪಾಗುತ್ತದೆ, ಒಂದು ನಿಮ್ಮ ಗಾಡಿಯಲ್ಲಿ, ಇನ್ನೊಂದು ಟ್ರ್ಯಾಕ್ಟರಿನಲ್ಲಿ, ಎರಡನೆಯದು ಜೀವಕ್ಕೇ ಬರುವಂಥದ್ದು.

ಟ್ರ್ಯಾಕ್ಟರಿನ ಚೈನು ಕೆಳಗಿನ ಡ್ರಾಬಾರ್‌ಗೇ (ಎಳೆಯಲೆಂದೇ ಹಿಂದೆ ಇರುವ ಕಬ್ಬಿಣದ ಪಟ್ಟಿಗೆ) ಹಾಕಬೇಕು, ಹಿಂದಿನ ಆಕ್ಸಲ್‌ಗಿಂತ ತಗ್ಗಿನಲ್ಲಿ. ಎತ್ತರ ಸಿಗಲಿ ಅಂತ ಟಾಪ್ ಲಿಂಕ್ (ನೇಗಿಲು ಹಿಡಿಯುವ ಮೇಲಿನ ತೋಳು) ಕೂರುವ ಜಾಗಕ್ಕೆ ಹಾಕಿದರೆ, ಹೂತ ಗಾಡಿ ಅಲ್ಲಾಡದೆ ಹೋದಾಗ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಕ್ಲಚ್ ತುಳಿಯುವಷ್ಟರಲ್ಲಿ ಹಿಮ್ಮುಖವಾಗಿ ಮಗುಚಿ ಓಡಿಸುವವನ ಮೇಲೇ ಬೀಳುತ್ತದೆ. ಗದ್ದೆ ಬಯಲಿನಲ್ಲಿ ಬೆಳೆದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಅವಸರದಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ಮಳೆಯಲ್ಲಿ ನೆನೆಯುತ್ತಾ ಕೈಗೆ ಸಿಕ್ಕಿದ ಕಡೆ ಚೈನು ಹಾಕುವುದು ಆಗುತ್ತದೆ. ಡ್ರಾಬಾರ್ ಬಿಟ್ಟು ಬೇರೆ ಕಡೆ ಹಾಕಲು ಬಿಡಬೇಡಿ.

ಇತ್ತ ನಿಮ್ಮ ಗಾಡಿಯ ಆಕ್ಸಲ್. ಅದರ ಮೇಲೆ ಬ್ರೇಕ್ ಪೈಪು ಹಾದು ಹೋಗಿರುತ್ತದೆ, ಪೆನ್ಸಿಲ್‌ಗಿಂತ ತೆಳು. ಚೈನು ಬಿಗಿಯಾದರೆ ಅದು ಜಜ್ಜಿಹೋಗುತ್ತದೆ, ಗಾಡಿ ಮೇಲೆ ಬರುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಕೈಕೊಡಬಹುದು. ಸ್ಟೇರಿಂಗ್ ರಾಡು, ಸ್ಪ್ರಿಂಗ್ ಪಟ್ಟೆ, ಸಸ್ಪೆನ್ಷನ್ ಆರ್ಮ್ ಯಾವುದಕ್ಕೂ ಬೇಡ. ಹಳೇ ಜೀಪಾದರೂ ಚಾಸಿಯ ತುದಿಯ ಹುಕ್ಕಿಗೇ ಹಾಕಿ. ಮತ್ತೆ ಚೈನಿಗೆ ಹಿಗ್ಗುವ ಗುಣ ಇಲ್ಲ, ಸಡಿಲ ಬಿಟ್ಟು ಜಗ್ಗಿದರೆ ಏಟು ಪೂರ್ತಿ ಹುಕ್ಕಿನ ಮೇಲೆಯೇ. ಮೊದಲು ಬಿಗಿ ಮಾಡಿ, ಆಮೇಲೆ ಎಳೆಯಿರಿ.

ಕೆಸರು ಎಷ್ಟು ಹಿಡಿದುಕೊಳ್ಳುತ್ತದೆ ಅನ್ನುವುದಕ್ಕೆ ಗಾಡಿ ಎಳೆಯುವವರು ಇಟ್ಟುಕೊಂಡಿರುವ ಅಂದಾಜು ಲೆಕ್ಕ ಒಂದಿದೆ. ಚಕ್ರದ ಗುಂಬದವರೆಗೆ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್‌ವರೆಗೆ ಹೋಗಿದ್ದರೆ ಎರಡು ಪಟ್ಟು. ಅದಕ್ಕೂ ಮೇಲೆ ಮೂರು ಪಟ್ಟು. 2 ಟನ್ ಗಾಡಿಗೆ 6 ಟನ್ ಆಯಿತು. ಅದಕ್ಕೇ ಅರ್ಧ ಗಂಟೆ ಸಲಿಕೆ ಹಿಡಿಯಿರಿ ಅನ್ನುವುದು. ಚಕ್ರದ ಮುಂದಿನ, ಹೊಟ್ಟೆ ಕೆಳಗಿನ ಕೆಸರು ಎಳೆದು ಹಾಕಿದರೆ ಅದೇ ಹುಕ್ಕಿನ ಮೇಲೆ ಬೀಳುವ ಭಾರ ಇಳಿಯುತ್ತದೆ.

ಪ್ರಶ್ನೆ: ದುಬೈನಲ್ಲಿ ಕೆಲಸ, ಊರು ಪುತ್ತೂರು. ವಾರದ ರಜೆಯಲ್ಲಿ ಮರಳುಗಾಡಿಗೆ ಹೋಗುತ್ತೇವೆ. ಸೆಕೆಂಡ್ ಹ್ಯಾಂಡ್ ಎಸ್‌ಯುವಿಯ ಅಡಿಯಲ್ಲಿ ತೆಳು ತಗಡಿನ, ಉದ್ದ ಸೀಳಿರುವ ಕೊಂಡಿಗಳಿವೆ. ಅವು ಎಳೆಯಲು ಅಲ್ವಾ?
– ದುಬೈಯಲ್ಲಿರುವ ಓದುಗರು

ಅಲ್ಲ. ಗಾಡಿಯನ್ನು ಹಡಗಿನಲ್ಲೋ ಲಾರಿಯಲ್ಲೋ ತರುವಾಗ ಅಲುಗಾಡದಂತೆ ಕೆಳಕ್ಕೆ ಬಿಗಿದು ಕಟ್ಟಲು ಇಟ್ಟ ಕೊಂಡಿಗಳು ಅವು. ಅವುಗಳ ಬಲ ಕೆಳಮುಖಕ್ಕೆ ಲೆಕ್ಕ ಹಾಕಿದ್ದು, ಮುಂದಕ್ಕೆ ಜಗ್ಗಿದರೆ ಕಿತ್ತು ಬರುತ್ತವೆ. ಸುಮ್ನೆ ನೋಡಿದರೆ ಎಳೆಯುವ ಕೊಂಡಿಯ ಹಾಗೇ ಕಾಣುತ್ತವೆ, ಅದೇ ಅಪಾಯ. ಮರಳಿನಲ್ಲಿ ಸ್ನ್ಯಾಚ್ ಬೆಲ್ಟ್ ಪದೇ ಪದೇ ಬೇಕಾಗುತ್ತದೆ, ಹಾಗಾಗಿ ನಿಮಗೆ ಚಾಸಿಗೆ ಬೋಲ್ಟ್ ಆಗುವ, ಭಾರ ಅಚ್ಚೊತ್ತಿದ ಪಾಯಿಂಟ್ ಮುಂದೆ ಎರಡು, ಹಿಂದೆ ಒಂದಾದರೂ ಬೇಕೇ ಬೇಕು. ಮುಂದೆ ಎರಡಿದ್ದರೆ ಅವೆರಡನ್ನೂ ಸೇರಿಸುವ ಬ್ರೈಡಲ್ ಬೆಲ್ಟ್ ಹಾಕಿ, ಭಾರ ಹಂಚಿಹೋಗುತ್ತದೆ. ಆದರೆ ಬ್ರೈಡಲ್ ಗಿಡ್ಡ ಆಗಬಾರದು. ಅದರ ಎರಡು ಕಾಲಿನ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಹುಕ್ಕಿಗೂ ಶೇ. 58ರಷ್ಟು ಎಳೆತ, 120 ಡಿಗ್ರಿ ಆಯಿತೋ ಎರಡಕ್ಕೂ ಪೂರ್ತಿ ನೂರು. ಹಂಚಿಕೊಂಡ ಲಾಭವೇ ಇಲ್ಲ, ಮೇಲಿಂದ ಎರಡೂ ಹುಕ್ಕುಗಳು ಒಳಮುಖವಾಗಿ ಬಾಗುತ್ತವೆ.

ಪ್ರಶ್ನೆ: ಸರ್, ನಾವು ಮಡಿಕೇರಿ ಹತ್ತಿರ ತೋಟದಲ್ಲಿರುವುದು. ಗಂಡ ಊರಿನಲ್ಲಿ ಇಲ್ಲದಾಗ ನಾನೇ ಜೀಪು ಓಡಿಸುತ್ತೇನೆ, ಜೊತೆಗೆ ಅತ್ತೆ ಇರುತ್ತಾರೆ. ಹೂತರೆ ದಾರಿಹೋಕರು ಬಂದು ಹತ್ತು ಜನ ಹತ್ತು ಮಾತು ಹೇಳಿ ತಾವೇ ಹಗ್ಗ ಕಟ್ಟಿಬಿಡುತ್ತಾರೆ. ಸಹಾಯಕ್ಕೆ ಬಂದವರಿಗೆ ಬೇಡ ಅನ್ನುವುದು ಹೇಗೆ? ಏನೇನು ಗಮನಿಸಬೇಕು?
– ಕೊಡಗಿನ ಓದುಗರು

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ಅವಘಡ ಆಗುವುದು ಬಹುಪಾಲು ಹೀಗೆಯೇ, ಒಳ್ಳೆಯ ಮನಸ್ಸಿನ ಹತ್ತು ಜನ ಸೇರಿದಾಗ. ಬೇಡ ಅನ್ನಬೇಕಾಗಿಲ್ಲ. "ಅಣ್ಣ, ಹುಕ್ಕು ಇಲ್ಲಿದೆ, ಇಲ್ಲಿಗೇ ಹಾಕಿ" ಅಂತ ಕೈ ತೋರಿಸಿದರೆ ಸಾಕು, ಜನ ಕೇಳುತ್ತಾರೆ. ಅದಕ್ಕೆ ಹುಕ್ಕು ಎಲ್ಲಿದೆ ಅಂತ ನಿಮಗೆ ಮೊದಲೇ ಗೊತ್ತಿರಬೇಕು. ಮಳೆಗಾಲಕ್ಕೆ ಮುಂಚೆ ಒಬ್ಬ ನಂಬಿಕಸ್ಥ ಮೆಕ್ಯಾನಿಕ್ಕನ್ನು ಕರೆದು ಹಾಸನದ ಓದುಗರಿಗೆ ಹೇಳಿದ ಹಾಗೆ ಕೆಳಗೆ ನೋಡಿಸಿ, ಎಳೆಯಬಹುದಾದ ಹುಕ್ಕಿಗೆ ಮಾತ್ರ ಹಳದಿ ಬಣ್ಣ ಹಚ್ಚಿಸಿ. ಕೆಸರು ಮೆತ್ತಿದ್ದರೂ ಒಂದು ಚೊಂಬು ನೀರು ಹುಯ್ದರೆ ಕಾಣುತ್ತದೆ. ಎಷ್ಟೋ ಸಲ ಜನ ಬಂಪರ್‌ಗೆ ಕಟ್ಟುವುದು ಬೇರೆ ಜಾಗ ಕಣ್ಣಿಗೆ ಬೀಳದೆ ಇರುವುದಕ್ಕೇ. ಮನೆಯಲ್ಲಿರುವಾಗಲೇ ಹುಕ್ಕಿಗೆ ಶ್ಯಾಕಲ್ ಹಾಕಿ ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಕೆಸರಿನಲ್ಲಿ ಮೊಣಕಾಲೂರಿ ಹುಡುಕುವುದು ತಪ್ಪುತ್ತದೆ.

ಎಳೆಯುವಾಗ ಹಗ್ಗದ ನಡುಭಾಗಕ್ಕೆ ಒದ್ದೆ ಗೋಣಿಚೀಲವೋ ಕಂಬಳಿಯೋ ಹೊದಿಸಿ, ಕಿತ್ತರೆ ಅದು ಹಗ್ಗವನ್ನು ನೆಲಕ್ಕೆ ಒತ್ತುತ್ತದೆ. ಇದರಿಂದ ಅಪಾಯ ಕಮ್ಮಿಯಾಗುತ್ತದೆ, ಇಲ್ಲವಾಗುವುದಿಲ್ಲ. ಹಾಗಾಗಿ ಹಗ್ಗ ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ, ಎಲ್ಲರೂ ನಿಲ್ಲಬೇಕು. 9 ಮೀಟರ್ ಬೆಲ್ಟ್ ಅಂದರೆ ಹದಿಮೂರು ಹದಿನಾಲ್ಕು ಮೀಟರ್. ಹಗ್ಗದ ನೇರಕ್ಕೆ ಯಾರೂ ಬೇಡ, ಅದನ್ನು ದಾಟಿ ಓಡಾಡುವುದೂ ಬೇಡ. ಎರಡೂ ಗಾಡಿಯಲ್ಲಿ ಓಡಿಸುವವರು ಮಾತ್ರ ಇರಲಿ. ಅತ್ತೆಯವರನ್ನು ಮೊದಲು ಇಳಿಸಿ ದೂರದ ದಿಬ್ಬದ ಮೇಲೆ ಕೂರಿಸಿ. ಮಳೆ ಬರುತ್ತಿದೆ, ಒಳಗೇ ಇರುತ್ತೇನೆ ಅಂದರೂ ಬಿಡಬೇಡಿ, ಕೊಡೆ ಹಿಡಿದುಕೊಂಡು ಕೂರಲಿ. ಕೈಸನ್ನೆ ಮಾಡುವವರು ಒಬ್ಬರೇ ಇರಲಿ, ಉಳಿದವರು ಕೂಗುವುದು ಬೇಡ. ಮೂರು ಸಲ ಎಳೆದೂ ಬರದಿದ್ದರೆ ನಿಲ್ಲಿಸಿ ಮತ್ತೆ ಅಗೆಯಿರಿ. ನಾಲ್ಕನೇ ಸಲ ಇನ್ನೂ ಜೋರಾಗಿ ಓಡಿ ಬಂದು ಎಳೆಯುತ್ತೇನೆ ಅನ್ನುವವರಿಗೆ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ.

ನಿಮ್ಮ ಜೀಪು ಯಾವ ವರ್ಷದ್ದು ಅಂತ ಬರೆದಿಲ್ಲ. ಮುಂದಿನ, ಹಿಂದಿನ ಹುಕ್ಕುಗಳ ಫೋಟೋ ಹತ್ತಿರದಿಂದ ತೆಗೆದು, ಬೋಲ್ಟಿನ ತಲೆ ಕಾಣುವ ಹಾಗೆ, ಪತ್ರಿಕೆಯ ವಿಳಾಸಕ್ಕೆ ಕಳಿಸಿ. ನೋಡಿ ಉತ್ತರ ಬರೆಯುತ್ತೇನೆ.